ಅಪ್ಪನ ಕೇಸು

ಮೆಡಿಕಲ್ ಕಾಲೇಜಿನ ಹಳೆಯ ಕಟ್ಟಡದ ಹಿಂಬದಿಯಲ್ಲಿ, ಔಷಧದ ಉಗ್ರಾಣಕ್ಕೂ ಸೈಕಲ್ ನಿಲ್ಲಿಸುವ ಜಾಗಕ್ಕೂ ನಡುವೆ, ಸಾಲಾಗಿ ಕೆಲವು ಸಣ್ಣ ಕೋಣೆಗಳಿದ್ದವು. ಪ್ರತಿ ಕೋಣೆಯಲ್ಲೂ ಒಂದು ಮೇಜು, ಎರಡು ಕುರ್ಚಿ, ಒಂದು ಮಂಚ, ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆಂದು ತೋರಿಸುವ ಚಿತ್ರ. ಆ ಕೋಣೆಗಳಲ್ಲಿ ಕುಳಿತು ಕಾಯಿಲೆ ಬೀಳುವುದೇ ಅವಳ ಉದ್ಯೋಗ.

ನಿಜವಾದ ಕಾಯಿಲೆಯಲ್ಲ. ಡಾಕ್ಟರಾಗಲಿರುವ ಹುಡುಗ ಹುಡುಗಿಯರು ನಿಜವಾದ ರೋಗಿಗಳ ಬಳಿಗೆ ಹೋಗುವ ಮೊದಲು ಮಾತಾಡಿಸಿ, ಮುಟ್ಟಿ ನೋಡಿ ಅಭ್ಯಾಸ ಮಾಡಿಕೊಳ್ಳಲಿ ಎಂದು ಕಾಲೇಜಿನವರು ಕೆಲವರನ್ನು ರೋಗಿಯ ಪಾತ್ರಕ್ಕೆಂದೇ ನೇಮಿಸಿಕೊಂಡಿದ್ದರು. ಬೆಳಿಗ್ಗೆ ಅವಳಿಗೆ ಪಿತ್ತಕೋಶದಲ್ಲಿ ಕಲ್ಲು. ಊಟದ ಹೊತ್ತಿಗೆ ತಲೆಸುತ್ತು. ಮಧ್ಯಾಹ್ನದ ತರಗತಿಗೆ, ಗಂಡ ಹೊಡೆದದ್ದನ್ನು ಮೆಟ್ಟಿಲ ಮೇಲೆ ಜಾರಿದೆನೆಂದು ಮುಚ್ಚಿಡುವ ಹೆಂಗಸು. ವಿದ್ಯಾರ್ಥಿಗಳು ಅವಳನ್ನು ಪೇಷಂಟಕ್ಕ ಎಂದು ಕರೆಯುತ್ತಿದ್ದರು. ಕ್ಯಾಂಟೀನಿನ ಚಹಾದವನಂತೂ ಅವಳು ಬಾಗಿಲಲ್ಲಿ ಕಂಡರೆ ಸಾಕು, "ಏನಕ್ಕಾ, ಇವತ್ತು ಏನು ಕಾಯಿಲೆ? ಸಕ್ಕರೆ ಹಾಕಬಹುದೋ, ಪಥ್ಯವೋ?" ಎನ್ನುತ್ತಿದ್ದ.

"ಈಗಷ್ಟೇ ವಾಸಿಯಾಗಿದೀನಿ. ಧಾರಾಳವಾಗಿ ಹಾಕು."

ಆ ಕೋಣೆಗಳಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಪ್ರತಿಯೊಂದು ಪಾತ್ರಕ್ಕೂ ಅವರು ಕೇಸು ಎನ್ನುತ್ತಿದ್ದರು. ಪ್ರತಿಯೊಂದು ಕೇಸಿನಲ್ಲೂ ರೋಗಿ ತಾನಾಗಿ ಹೇಳದ ಒಂದು ಮಾತು ಇರುತ್ತಿತ್ತು. ಅದಕ್ಕೆ ಗಂಟು ಎಂದು ಹೆಸರು. ಕಾಯಿಲೆಯ ಗುಟ್ಟೆಲ್ಲ ಆ ಗಂಟಿನಲ್ಲಿ. ವಿದ್ಯಾರ್ಥಿ ಹತ್ತಾರು ಪ್ರಶ್ನೆ ಕೇಳಿದರೂ ಅದು ಬಿಚ್ಚಿಕೊಳ್ಳಬಾರದು. ಬರೆಯುವುದನ್ನು ನಿಲ್ಲಿಸಿ, ಪೆನ್ನು ಕೆಳಗಿಟ್ಟು, ಮುಖ ನೋಡಿ, "ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಕೇಳಿ, ಕೇಳಿದ ಮೇಲೆ ಸುಮ್ಮನೆ ಕಾದರೆ ಮಾತ್ರ ಅದನ್ನು ಹೇಳಬೇಕು. ಈ ಪದ್ಧತಿಯನ್ನು ತಂದವರು ಅಲ್ಲಿಯ ಪ್ರೊಫೆಸರ್.

"ಕೇಳದೆ ಗಂಟು ಬಿಚ್ಚಬೇಡ," ಎಂದು ಕೆಲಸಕ್ಕೆ ಸೇರಿದ ದಿನವೇ ಅವರು ಅವಳಿಗೆ ಹೇಳಿದ್ದರು. "ಪಾಪ, ಹುಡುಗ ಪಾಸಾಗಲಿ ಅಂತ ಕರುಣೆ ತೋರಿಸಬೇಡ. ಇವತ್ತು ನೀನು ತೋರಿಸೋ ಕರುಣೆಗೆ ನಾಳೆ ನಿಜವಾದ ರೋಗಿ ದಂಡ ತೆರಬೇಕಾಗುತ್ತೆ."

ಅವಳಿಗೆ ಆ ಮಾತು ನಾಟಿತ್ತು. ಅದಕ್ಕೆ ಕಾರಣವೂ ಇತ್ತು.

ಅವಳು ಓದಿದ್ದು ನಾಟಕ. ಪದವಿಯನ್ನೇ ನಾಟಕದಲ್ಲಿ ಪಡೆದವಳು. ಅಪ್ಪ ಮನೆಗಳಿಗೆ ಬಣ್ಣ ಹೊಡೆಯುವವನು. ಮಗಳು ನಾಟಕ ಓದುತ್ತೇನೆಂದಾಗ ಬೀದಿಯವರೆಲ್ಲ ಮೂಗು ಮುರಿದರು. ಅಪ್ಪ ಮಾತ್ರ, "ನಾನು ಗೋಡೆಗೆ ಬಣ್ಣ ಹಚ್ತೀನಿ, ಅವಳು ಮುಖಕ್ಕೆ ಹಚ್ಕೊಳ್ತಾಳೆ. ಕಸುಬು ಒಂದೇ ಅಲ್ವೇ?" ಎಂದು ನಕ್ಕಿದ್ದ. ನಗುವುದೆಂದರೆ ಅವನಿಗೆ ಉಸಿರಾಡಿದಷ್ಟು ಸಲೀಸು. ಮಾತಾಡುವಾಗೆಲ್ಲ ಹೆಬ್ಬೆರಳಿನ ಉಗುರಿಗೆ ಅಂಟಿದ ಒಣ ಬಣ್ಣವನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತ ಕೂರುವುದು ಅವನ ಅಭ್ಯಾಸ.

ಅವಳ ಓದು ಮುಗಿಯುವ ವರ್ಷ ಅಪ್ಪನಿಗೆ ಎದೆಯ ಕೆಳಗೆ ಉರಿ ಶುರುವಾಯಿತು. ಅಮ್ಮನ ಕಾಟ ತಾಳಲಾರದೆ ಬೀದಿಯ ಕೊನೆಯ ಡಾಕ್ಟರ ಬಳಿಗೆ ಹೋಗಿಬಂದ. ಆ ಡಾಕ್ಟರು ತಲೆಯೆತ್ತದೆ, ಊಟ ಹೊತ್ತು ಮೀರುತ್ತದೆಯೇ ಎಂದು ಕೇಳಿ, ಗ್ಯಾಸಿಗೆ ಮಾತ್ರೆ ಬರೆದುಕೊಟ್ಟರು. "ಬೇಗ ಕಳಿಸಿ ಡಾಕ್ಟ್ರೇ, ಗೋಡೆಗೆ ಎರಡನೇ ಕೋಟ್ ಬಾಕಿ ಇದೆ ಅಂದೆ, ಪಾಪ, ಬೇಗ ಕಳಿಸಿಬಿಟ್ರು," ಎಂದು ಅಪ್ಪ ಮನೆಗೆ ಬಂದು ವರದಿ ಒಪ್ಪಿಸಿದ. ಆಮೇಲೆ, ಉಗುರು ಕೆರೆಯುತ್ತ, ನಗುತ್ತ, ಇನ್ನೊಂದು ಮಾತು ಹೇಳಿದ.

"ಏಣಿ ಹತ್ತುವಾಗ ದವಡೆ ಹಿಡ್ಕೊಳ್ಳುತ್ತೆ ಕಣೇ. ಇಳಿದ್ರೆ ಬಿಡುತ್ತೆ. ಅದನ್ನ ಹೇಳಲಿಲ್ಲ. ದವಡೆ ನೋವನ್ನ ಹಲ್ಲಿನ ಡಾಕ್ಟ್ರ ಹತ್ರ ಹೇಳ್ಬೇಕು, ಹೊಟ್ಟೆ ನೋಡೋರ ಹತ್ರ ಹೇಳಿದ್ರೆ ಅವರಿಗೆ ಬೇಜಾರಾಗಲ್ವಾ?"

ಅಮ್ಮನೂ ಮಗಳೂ ನಕ್ಕರು. ನಗುವಂಥ ಮಾತೇ ಅದು. ಆ ವಾರ ಮುಗಿಯುವುದರೊಳಗೆ ಯಾರದೋ ಮನೆಯ ಮಹಡಿಯಲ್ಲಿ, ಏಣಿಯ ಬುಡದಲ್ಲಿ, ಬ್ರಷ್ಷು ಕೈಯಲ್ಲಿರುವಾಗಲೇ ಸುಧಾರಿಸಿಕೊಳ್ಳಲೆಂದು ಕುಳಿತ ಅಪ್ಪ ಮತ್ತೆ ಏಳಲಿಲ್ಲ.

ನಾಟಕದ ಪದವಿ ಹಿಡಿದು ಕೆಲಸ ಹುಡುಕಿದವಳಿಗೆ ಸಿಕ್ಕಿದ್ದು ಈ ಪೇಷಂಟಕ್ಕನ ಕೆಲಸ. ಸೇರಿದ ಕೆಲವು ತಿಂಗಳಿಗೆ ಒಂದು ದಿನ ಅವಳು ಯಾವುದೋ ಹೊಟ್ಟೆನೋವಿನ ಕೇಸಿಗೆ ಮಂಚದ ಮೇಲೆ ಮಲಗಿದ್ದಳು. ಪ್ರೊಫೆಸರ್ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದರು: ಹೃದಯದ ನೋವು ಎದೆಯಲ್ಲೇ ಬರಬೇಕೆಂದೇನೂ ಇಲ್ಲ, ಕೆಲವರಿಗೆ ಅದು ದವಡೆಯಲ್ಲಿ ಕಾಣಿಸಿಕೊಳ್ಳುತ್ತದೆ, ದುಡಿಯುವಾಗ ಬಂದು, ವಿಶ್ರಾಂತಿಯಲ್ಲಿ ಬಿಡುತ್ತದೆ. ಮಲಗಿದ್ದವಳು ಎದ್ದು ಕುಳಿತುಬಿಟ್ಟಳು. "ಏ ಪೇಷಂಟಕ್ಕಾ, ನಿಮಗೆ ಆಪರೇಷನ್ ಆಗಿದೆ, ಏಳಬಾರದು," ಎಂದು ಹುಡುಗರು ನಕ್ಕರು.

ತರಗತಿ ಮುಗಿದ ಮೇಲೆ ಪ್ರೊಫೆಸರ್ ಎದುರಿನ ಕುರ್ಚಿಯಲ್ಲಿ ಕುಳಿತರು. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ಏನಮ್ಮಾ, ಹುಷಾರಾಗಿದೀಯಾ? ಇನ್ನೇನಾದ್ರೂ ಹೇಳೋದಿದೆಯಾ?" ಎಂದು ಕೇಳಿ, ಕಾದರು.

ಅಷ್ಟು ಕಾಲ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅಪ್ಪನ ಏಣಿ, ದವಡೆ, ಉಗುರಿನ ಬಣ್ಣ, ಎರಡನೇ ಕೋಟು, ಹಲ್ಲಿನ ಡಾಕ್ಟರ ಮಾತು, ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ತನಗೇ ಆಶ್ಚರ್ಯವಾಗುವಂತೆ, "ಸರ್, ನಾನು ಡಾಕ್ಟರಾಗಬೇಕು," ಎಂದಳು.

ಅವರು ನಗಲಿಲ್ಲ. ಅದೇ ಅವರ ದೊಡ್ಡತನವೆಂದು ಅವಳು ಬಹುಕಾಲ ತಿಳಿದಿದ್ದಳು.

"ನಾಟಕ ಓದಿದವಳು ಡಾಕ್ಟರಾಗಬಾರದು ಅಂತ ಯಾರು ಹೇಳಿದ್ದು?" ಎಂದು ಎದ್ದು, ಬೋರ್ಡಿನ ಮೇಲಿದ್ದ ಕರುಳಿನ ಚಿತ್ರವನ್ನು ಒರೆಸಿ, ಸೀಮೆಸುಣ್ಣದಲ್ಲಿ ಅವಳ ದಾರಿಯನ್ನು ಬರೆದು ತೋರಿಸಿದರು. ಬೇರೆ ವಿಷಯ ಓದಿ ಬಂದ ಪದವೀಧರರಿಗೆಂದು ಕಾಲೇಜಿನಲ್ಲಿ ಕೆಲವೇ ಸೀಟುಗಳಿವೆ. ಆದರೆ ಮೊದಲು ಸಂಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಮುಗಿಸಬೇಕು. ಒಟ್ಟಿಗೆ ಮೂರನ್ನೂ ಹಿಡಿಯಬಾರದು, ಸೋತುಹೋಗುತ್ತೀ. ರಸಾಯನದಿಂದ ಶುರು ಮಾಡು. ಜೊತೆಗೆ ರಜಾದಿನಗಳಲ್ಲಿ ವಾರ್ಡಿನಲ್ಲಿ ಸೇವೆ. ಆಮೇಲೆ ಪ್ರವೇಶ ಪರೀಕ್ಷೆ. ಅದು ದಾಟಿದರೆ ಸಂದರ್ಶನ. "ಸಂದರ್ಶನಕ್ಕೆ ನೀನು ಹೆದರಬೇಕಾಗಿಲ್ಲ. ಅಲ್ಲಿ ನಾನಿರ್ತೀನಿ."

ಮರುವಾರ ಅವರು ಇನ್ನೊಂದು ಮಾತು ಹೇಳಿದರು. "ನಿಮ್ಮಪ್ಪನದನ್ನ ಒಂದು ಕೇಸು ಮಾಡೋಣ. ಇನ್ನೊಬ್ಬರು ಹಾಗೆ ಹೋಗಬಾರದು. ಯಾರ ಕಥೆ ಅಂತ ಹೇಳೋದು ಬೇಡ. ರೋಗಿಯ ಗುಟ್ಟು ಕಾಯೋದು ನಮ್ಮ ಧರ್ಮ."

ಅವಳು ಸಂತೋಷದಿಂದ ಒಪ್ಪಿದಳು. ಅಮ್ಮನನ್ನು ಕೇಳಬೇಕೆಂದು ಅವಳಿಗೆ ತೋಚಲೇ ಇಲ್ಲ. ಹಾಗೆ ಅಪ್ಪ ಆರನೆಯ ಕೇಸಾದ. ಪಾತ್ರ ಅವಳದೇ ಆದ್ದರಿಂದ, ಬಣ್ಣ ಹೊಡೆಯುವ ಹೆಂಗಸೆಂದು ಸ್ವಲ್ಪ ಬದಲಾಯಿಸಿದರು. ಉಗುರು ಕೆರೆಯುವುದು ಹಾಗೆಯೇ ಉಳಿಯಿತು. ಎರಡನೇ ಕೋಟ್ ಉಳಿಯಿತು. ದವಡೆಯ ಮಾತು ಗಂಟಾಯಿತು. "ಗಂಟನ್ನ ದುಃಖದಿಂದ ಹೇಳ್ಬೇಕು," ಎಂದು ಪ್ರೊಫೆಸರ್ ಸೇರಿಸಿದ್ದರು. "ನಕ್ಕುಬಿಟ್ರೆ ಈ ಹುಡುಗರಿಗೆ ಅದರ ಭಾರ ತಿಳಿಯಲ್ಲ."

"ಅಪ್ಪ ನಕ್ಕೊಂಡೇ ಹೇಳಿದ್ದು ಸರ್."

"ಸರಿ, ನೀನು ಮಾಡುವಾಗ ನಕ್ಕೊಂಡು ಮಾಡು. ಬೇರೆಯವರು ಮಾಡುವಾಗ ದುಃಖವೇ ಇರಲಿ."

ಸಂಜೆ ಕಾಲೇಜಿನ ಬೆಂಚುಗಳಲ್ಲಿ ಅವಳ ಅಕ್ಕಪಕ್ಕ ಕುಳಿತವರು ಆಗಷ್ಟೇ ಶಾಲೆ ಮುಗಿಸಿದ ಹುಡುಗಿಯರು. ಅವರ ಬಾಯಲ್ಲಿ ಅವಳು ಮೊದಲ ದಿನವೇ ಆಂಟಿಯಾದಳು. ಪ್ರಯೋಗಾಲಯದಲ್ಲಿ ಆಂಟಿ ಗಾಜಿನ ಕೊಳವೆ ಒಡೆದಾಗ ಅವರು ಮುಸಿಮುಸಿ ನಕ್ಕರು. ಆಂಟಿ ಮೊದಲ ಪರೀಕ್ಷೆಯಲ್ಲಿ ನಪಾಸಾದಾಗ, ಪಾಪ, ಅವರೇ ಜೊತೆಗೆ ಕೂರಿಸಿಕೊಂಡು ಸಮೀಕರಣ ಸರಿದೂಗಿಸುವುದನ್ನು ಹೇಳಿಕೊಟ್ಟರು. ಸಂಭಾಷಣೆ ಬಾಯಿಪಾಠ ಮಾಡಿ ಅಭ್ಯಾಸವಿದ್ದವಳಿಗೆ ಜೀವಶಾಸ್ತ್ರ ಬೇಗ ಒಗ್ಗಿತು. ಭೌತಶಾಸ್ತ್ರ ಮಾತ್ರ ಕಣ್ಣೀರಿಳಿಸಿತು. ರಜಾದಿನಗಳಲ್ಲಿ ವಾರ್ಡಿನಲ್ಲಿ ಸ್ಟ್ರೆಚರ್ ತಳ್ಳಿದಳು, ಮುದುಕರಿಗೆ ನೀರು ಕುಡಿಸಿದಳು.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಆಸ್ಪತ್ರೆಯ ಬಿಳಿ ಕೋಟುಗಳೆಲ್ಲ ಆ ಲಾಂಡ್ರಿಗೇ ಬರುತ್ತಿದ್ದವು. ಒಂದೊಂದು ಸಲ ಯಾವುದಾದರೂ ಕೋಟನ್ನು ಎತ್ತಿಹಿಡಿದು, "ಈ ಅಳತೆ ನಿನಗಾಗುತ್ತೆ ನೋಡು," ಎನ್ನುತ್ತಿದ್ದಳು. ಸೋದರಮಾವನದು ಬಾಯಿಗೆ ಬೀಗವಿಲ್ಲದ ಸ್ವಭಾವ. ಮೂಲೆಯ ಕ್ಷೌರದಂಗಡಿ ಅವನದು. "ಡಾಕ್ಟರಾಗು ತಾಯಿ, ಆಗು. ಆದ್ರೆ ಆಪರೇಷನ್ ನಡುವೆ ಪರದೆ ಎಳೆದು, ಮುಂದಿನ ಅಂಕ ಊಟದ ನಂತರ ಅಂದುಬಿಟ್ಟೀಯ!" ಎಂದು ರೇಗಿಸುತ್ತಿದ್ದ. ಅದೇ ಮಾವನೇ, "ಬೇರೆ ಊರಿನ ಕಾಲೇಜಿಗೂ ಅರ್ಜಿ ಹಾಕೇ. ಎಲ್ಲ ಮೊಟ್ಟೆ ಒಬ್ಬರ ಕೈಲಿ ಕೊಟ್ಟು ಕೂರಬೇಡ," ಎಂದೂ ಹೇಳಿದ. ಅವಳು ಪ್ರೊಫೆಸರನ್ನು ಕೇಳಿದಳು. "ನಾನಿರುವಾಗ ಬೇರೆ ಕಡೆ ಯಾಕೆ ಅಲೀತೀಯಮ್ಮಾ?" ಎಂದರು ಅವರು. ಅವಳು ಅರ್ಜಿ ಹಾಕಲಿಲ್ಲ.

ಈ ನಡುವೆ ಆರನೆಯ ಕೇಸು ಹೆಸರು ಮಾಡಿತ್ತು. ಪ್ರೊಫೆಸರ್ ಅದನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದರು, ಬಹುಮಾನವೂ ಬಂತು. ಬೇರೆ ಬೇರೆ ಊರಿನ ಮೆಡಿಕಲ್ ಕಾಲೇಜುಗಳು ತಮ್ಮ ಪರೀಕ್ಷೆಗೆ ಅದನ್ನು ತೆಗೆದುಕೊಂಡವು. ಕ್ಯಾಂಟೀನಿನಲ್ಲಿ ಸಿಹಿ ಹಂಚಿದ ದಿನ ಅವಳೂ ತಿಂದಳು. ಅಪ್ಪನ ಮಾತು ಊರೂರಿಗೆ ಹೋಗಿ ಯಾರದೋ ಜೀವ ಉಳಿಸುತ್ತದಲ್ಲ ಎಂದು ಅವಳಿಗೆ ಹೆಮ್ಮೆಯೇ.

ಸಂದರ್ಶನದ ದಿನ ಅಮ್ಮ ಅವಳ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು. ಪ್ರವೇಶ ಪರೀಕ್ಷೆ ಚೆನ್ನಾಗಿಯೇ ಆಗಿತ್ತು. ಇನ್ನುಳಿದದ್ದು ಈ ಒಂದು ಕೋಣೆ, ಈ ಒಂದಿಷ್ಟು ಹೊತ್ತು. ಕೋಣೆಯೊಳಗೆ ಉದ್ದನೆಯ ಮೇಜಿನ ಹಿಂದೆ ಮೂವರಿದ್ದರು. ನಡುವೆ ಬೆಳ್ಳಿಗೂದಲಿನ ಮುಖ್ಯ ವೈದ್ಯೆ, ಎಡಕ್ಕೆ ದಪ್ಪ ಕನ್ನಡಕದ ಸರ್ಜನ್, ಬಲಕ್ಕೆ ಅವಳ ಪ್ರೊಫೆಸರ್. ಅವರನ್ನು ಕಂಡದ್ದೇ ಅವಳ ಎದೆಬಡಿತ ಹದಕ್ಕೆ ಬಂತು. ನಮ್ಮವರಿದ್ದಾರೆ ಎಂದುಕೊಂಡಳು.

"ನಾಟಕ ಓದಿದೀರಿ," ಎಂದರು ಮುಖ್ಯ ವೈದ್ಯೆ. "ಡಾಕ್ಟರ್ ಯಾಕಾಗಬೇಕು? ಪಾಠ ಒಪ್ಪಿಸಬೇಡಿ. ನಿಮ್ಮ ಸ್ವಂತ ಕಾರಣ ಹೇಳಿ."

ಅವಳು ಸ್ವಂತ ಕಾರಣವನ್ನೇ ಹೇಳಿದಳು. ಅಪ್ಪ ಬಣ್ಣದ ಕೆಲಸದವನು. ಎದೆಯ ಕೆಳಗೆ ಉರಿ. ತಲೆಯೆತ್ತದ ಡಾಕ್ಟರು. ಎರಡನೇ ಕೋಟ್ ಬಾಕಿ ಇದೆ, ಬೇಗ ಕಳಿಸಿ ಎಂದದ್ದು. ಹೇಳುತ್ತ ಹೇಳುತ್ತ ತನಗರಿವಿಲ್ಲದೆಯೇ ಹೆಬ್ಬೆರಳ ಉಗುರನ್ನು ಕೆರೆಯುತ್ತಿದ್ದಳು.

ಮುಖ್ಯ ವೈದ್ಯೆಯ ಹುಬ್ಬು ಮೇಲೇರಿತು. "ಸ್ವಲ್ಪ ತಡೀರಿ. ಈ ಎರಡನೇ ಕೋಟ್... ಇದನ್ನ ನಾನು ಕೇಳಿದೀನಲ್ಲ. ಬೇರೆ ಕಾಲೇಜಿಗೆ ಪರೀಕ್ಷಕಳಾಗಿ ಹೋಗಿದ್ದಾಗ ನೋಡಿದೀನಿ. ಏಣಿ ಹತ್ತಿದ್ರೆ ದವಡೆ ನೋವು, ಹಲ್ಲಿನ ಡಾಕ್ಟ್ರು, ಅದೇ ತಾನೇ?" ಎಂದು ಬಲಕ್ಕೆ ತಿರುಗಿದರು. "ಇದು ನಿಮ್ಮ ಬಹುಮಾನದ ಕೇಸಲ್ವಾ?"

ಪ್ರೊಫೆಸರ್ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. "ಹೌದು," ಎಂದರು. "ನಾನು ಬರೆದದ್ದು."

ಸರ್ಜನ್ ಕುರ್ಚಿಗೆ ಒರಗಿ ನಕ್ಕರು. "ಭೇಷ್! ನಾನಂತೂ ನಂಬಿಬಿಟ್ಟಿದ್ದೆ."

"ಇಲ್ಲ ಮೇಡಂ," ಎಂದಳು ಅವಳು. "ಅದು ಕೇಸಲ್ಲ. ನಮ್ಮಪ್ಪ. ಸರ್‌ಗೆ ಗೊತ್ತು. ನಾನೇ ಹೇಳಿದ್ದು ಅವರಿಗೆ."

ಮುಖ್ಯ ವೈದ್ಯೆ ಕೆಟ್ಟವರಲ್ಲ. ಅವರು ಮತ್ತೊಮ್ಮೆ ಪ್ರೊಫೆಸರ ಕಡೆಗೆ ತಿರುಗಿ, ಉತ್ತರಕ್ಕಾಗಿ ಕಾದರು. ಅವಳೂ ಕಾದಳು. ಒಂದು ಮಾತು ಸಾಕಾಗಿತ್ತು. ಹೌದು, ಅವಳ ತಂದೆಯೇ ಎಂದರೆ ಮುಗಿದಿತ್ತು.

ಪ್ರೊಫೆಸರ್ ಮೇಜಿನ ಮರದ ಗೆರೆಗಳನ್ನು ನೋಡುತ್ತ, ತುಂಬ ಮೃದುವಾಗಿ ಹೇಳಿದರು: "ಬಹಳ ಒಳ್ಳೆಯ ಕಲಾವಿದೆ. ಪಾತ್ರದೊಳಗೆ ಪೂರ್ತಿ ಇಳಿದುಬಿಡ್ತಾಳೆ."

ಅವಳ ಕಣ್ಣು ತುಂಬಿತು. ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಇದು: ಈಗ ಅತ್ತರೆ ಅದೂ ನಟನೆ. ಕೂಗಾಡಿದರೆ ಅದೂ ನಟನೆ. ಸುಮ್ಮನೆ ಎದ್ದು ಹೋದರೆ, ಅದು ಇನ್ನೂ ಒಳ್ಳೆಯ ನಟನೆ. ನಿಜವಾಗಿ ನೋಯುವ ದಾರಿಯನ್ನೇ ಆ ಮನುಷ್ಯ ಮುಚ್ಚಿಬಿಟ್ಟಿದ್ದರು. ಅವಳು ಕೈ ಜೋಡಿಸಿ ಕುಳಿತಳು. ಮುಖ್ಯ ವೈದ್ಯೆ, "ನಿಮ್ಮ ಕೆಲಸದಲ್ಲಿ ನೀವು ನಿಪುಣೆ. ಆದರೆ ನಾವು ನಿಮ್ಮ ಸ್ವಂತದ್ದನ್ನ ಕೇಳಿದ್ವಿ," ಎಂದು ಸಮಾಧಾನದ ಧ್ವನಿಯಲ್ಲೇ ಹೇಳಿ ಕಳುಹಿಸಿದರು.

ಲಾಂಡ್ರಿಯಲ್ಲಿ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಎಲ್ಲವನ್ನೂ ಕೇಳಿದಳು. ಕೇಳುತ್ತ ಹೋದಂತೆ ಅವಳ ಮುಖದ ಬಣ್ಣ ಬದಲಾಯಿತು.

"ಅವರು ನಿಮ್ಮಪ್ಪನ್ನ ನೋಡಿದ್ರಾ?"

"ಇಲ್ಲಮ್ಮ."

"ಮತ್ತೆ ನಾನು ಬರೆದದ್ದು ಅಂತ ಹೇಗೆ ಹೇಳಿದ್ರು?" ಆಮೇಲೆ ತಗ್ಗಿದ ದನಿಯಲ್ಲಿ, "ಇಷ್ಟು ವರ್ಷ ನಿಮ್ಮಪ್ಪನ ಆ ಮಾತನ್ನ ಅಲ್ಲಿ ಆಡಿ ತೋರಿಸ್ತಿದ್ಯಾ? ನಮ್ಮ ಮನೇಲಿ ನಕ್ಕ ಮಾತು ಅದು. ನನ್ನನ್ನ ಒಂದು ಸಲ ಕೇಳಬಹುದಿತ್ತು," ಎಂದಳು.

ಪ್ರೊಫೆಸರ ಮಾತಿಗಿಂತ ಇದು ಆಳಕ್ಕೆ ಇಳಿಯಿತು. ತನ್ನ ನಂಬಿಕೆಯನ್ನು ಒಬ್ಬರು ಮುರಿದರೆಂದು ಅಳಲು ಬಂದವಳು, ತಾನೂ ಇನ್ನೊಬ್ಬರ ಸೊತ್ತನ್ನು ಕೇಳದೆ ಕೊಟ್ಟುಬಂದವಳೆಂದು ಆ ಇಸ್ತ್ರಿಯ ಬಿಸಿಯಲ್ಲಿ ನಿಂತು ಅರಿತುಕೊಂಡಳು. ಅಮ್ಮ ಅವಳ ಕಾಲರನ್ನು ನೆಟ್ಟಗೆ ಮಾಡಿದಳು. ಮಾವನಿಗೆ ಸುದ್ದಿ ಮುಟ್ಟಿದಾಗ ಅವನು ಕತ್ತಿ ಮಸೆಯುತ್ತಿದ್ದ. "ಆ ಮಹಾನುಭಾವ ಒಂದು ದಿನ ನನ್ನ ಕುರ್ಚೀಲಿ ಬಂದು ಕೂರಲಿ. ಅರ್ಧ ಮೀಸೆ ಬೋಳಿಸಿ, ಉಳಿದದ್ದು ಮುಂದಿನ ವರ್ಷ ಅಂತೀನಿ," ಎಂದ. ಆಮೇಲೆ ಗಂಭೀರನಾಗಿ, "ಆ ಇನ್ನೊಂದು ಊರಿನ ಕಾಲೇಜು ಏನಾಯ್ತು?" ಎಂದು ಕೇಳಿದ.

ಅಲ್ಲಿ ಅರ್ಜಿಗೆ ಇನ್ನೂ ಅವಕಾಶವಿತ್ತು. ಅವಳು ಯಾರಿಗೂ ಹೇಳದೆ ಹಾಕಿದಳು. ಸಂದರ್ಶನಕ್ಕೆ ಕರೆಯೂ ಬಂತು. ಅದೂ ಇಲ್ಲಿಯ ವಾರ್ಷಿಕ ಪರೀಕ್ಷೆ ಇದ್ದ ಸೋಮವಾರದಂದೇ.

ಆ ಸೋಮವಾರಕ್ಕೆ ಮುಂಚಿನ ಶುಕ್ರವಾರ ಪ್ರೊಫೆಸರ್ ಅವಳ ಕೋಣೆಗೆ ಬಂದರು. ಸಂದರ್ಶನದ ಮೇಲೆ ಅವರು ಎದುರಿಗೆ ಸಿಕ್ಕಿದ್ದೇ ಕಡಿಮೆ. ಎದುರಿನ ಕುರ್ಚಿಯಲ್ಲಿ ಕುಳಿತು, ಪೆನ್ನನ್ನು ಬೆರಳುಗಳ ನಡುವೆ ತಿರುಗಿಸತೊಡಗಿದರು.

"ಕೋಪಾನಾ ಅಮ್ಮಾ?"

"ಕೋಪ ಅಲ್ಲ ಸರ್."

"ಅಲ್ಲಿ ನಾನು ಬಾಯಿಬಿಟ್ಟಿದ್ರೆ, ಇಷ್ಟು ವರ್ಷ ಯಾಕೆ ನಿಮ್ಮದು ಅಂತ ಹೇಳಿದ್ರಿ ಅಂತ ಕೇಳೋರು. ಬಹುಮಾನ, ಬೇರೆ ಕಾಲೇಜುಗಳು, ಇಡೀ ವಿಭಾಗದ ಹೆಸರು... ನಿನಗೆ ಅರ್ಥವಾಗುತ್ತೆ."

"ಅರ್ಥವಾಗುತ್ತೆ ಸರ್."

"ಮತ್ತೆ, ನಿಜ ಹೇಳ್ತೀನಿ, ನಿನ್ನಂಥ ಪೇಷಂಟ್ ನನಗೆ ಇನ್ನೊಬ್ಬರು ಸಿಗಲ್ಲ. ಡಾಕ್ಟರು ಎಷ್ಟು ಜನ ಬೇಕಾದ್ರೂ ಸಿಗ್ತಾರೆ." ಇದನ್ನು ಅವರು ಹೊಗಳಿಕೆಯೆಂದೇ ಹೇಳಿದರು. "ಮುಂದಿನ ವರ್ಷ ನಿನ್ನದೇ ಸೀಟು. ಊಟ ತಿಂಡಿ ಸರಿಯಾಗಿ ಮಾಡ್ತಿದೀಯಾ? ನಿದ್ದೆ ಬರ್ತಿದೆಯಾ? ಅಮ್ಮ ಹೇಗಿದಾರೆ? ಸೋಮವಾರಕ್ಕೆ ಆರನೆಯ ಕೇಸು ಸಿದ್ಧ ಇದೆ ತಾನೇ?"

"ಆರನೆಯ ಕೇಸು ಯಾವಾಗ್ಲೂ ಸಿದ್ಧವಾಗೇ ಇರುತ್ತೆ ಸರ್."

ಪೆನ್ನು ತಿರುಗುತ್ತಲೇ ಇತ್ತು. ಅವಳು ಆ ಪೆನ್ನನ್ನೇ ನೋಡುತ್ತಿದ್ದಳು. ಅವರೇ ಹಾಕಿಕೊಟ್ಟ ಪದ್ಧತಿ. ಅದನ್ನು ಮೇಜಿನ ಮೇಲಿಟ್ಟು, ಮುಖ ನೋಡಿ, ಆ ಒಂದು ಪ್ರಶ್ನೆ ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು. ಸೋಮವಾರ ಬರುವುದಿಲ್ಲವೆಂದೂ, ಎಲ್ಲಿಗೆ ಹೋಗುತ್ತೇನೆಂದೂ, ಪಾಠ ಹೇಳಿಕೊಟ್ಟ ಋಣಕ್ಕಾದರೂ ಹೇಳುತ್ತಿದ್ದಳು. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ಒಳ್ಳೇದು," ಎಂದು ಎದ್ದು ಹೋದರು. ಕೇಳದೆ ಅವಳು ಗಂಟು ಬಿಚ್ಚಲಿಲ್ಲ.

ಹೊಸ ಊರಿಗೆ ಹೋಗುವ ಬಸ್ಸಿನಲ್ಲಿ ಅಮ್ಮನೂ ಜೊತೆಗೆ ಬಂದಳು. "ಅಲ್ಲೂ ಯಾಕೆ ಡಾಕ್ಟರಾಗಬೇಕು ಅಂತ ಕೇಳ್ತಾರಲ್ವಾ? ಏನು ಹೇಳ್ತೀಯಾ?"

"ಅಪ್ಪನ್ನ ಹೇಳೋ ಹಾಗಿಲ್ಲಮ್ಮ. ಆ ಕೇಸು ಆ ಕಾಲೇಜಿಗೂ ಹೋಗಿದೆ."

ಸ್ವಂತ ಅಪ್ಪನನ್ನು ಹೇಳಿಕೊಳ್ಳಲು ಇನ್ನು ಅವಳಿಗೆ ಹಕ್ಕಿರಲಿಲ್ಲ. ಸೀಟು ಕೈತಪ್ಪಿದ್ದಕ್ಕಿಂತ ಅದೇ ಹೆಚ್ಚು ಕೊರೆಯುತ್ತಿತ್ತು. ಸಂದರ್ಶನದಲ್ಲಿ ಅವಳು ಹೇಳಿದ್ದು ಇಷ್ಟೆ: "ಡಾಕ್ಟರ ಎದುರಿಗೆ ಕೂತವರು ಏನನ್ನ ಹೇಳೋದಿಲ್ಲ ಅಂತ ನಾನು ಬಹಳ ದಿನ ಕೂತು ನೋಡಿದೀನಿ. ಇನ್ನು ಮೇಜಿನ ಆಚೆ ಕಡೆ ಕೂತು ಕೇಳೋದನ್ನ ಕಲೀಬೇಕು." ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕಾಯುವವರ ಸಾಲಿನ ಕಟ್ಟಕಡೆಯಲ್ಲಿದ್ದ ಅವಳಿಗೆ, ಯಾರೋ ಬಿಟ್ಟುಕೊಟ್ಟ ಸೀಟು ಸಿಕ್ಕಿತು.

ಆ ಕಾಲೇಜಿನಲ್ಲಿ ಅವಳು ಬಿಳಿ ಕೋಟು ತೊಟ್ಟು ಓದಿದಳು. ಹೊಲಿಗೆ ಸರಿಯಿಲ್ಲದ ತೋಳನ್ನು ಅಮ್ಮ ಬಿಚ್ಚಿ ಹೊಲಿದುಕೊಟ್ಟಳು. ಹಳೆಯ ಊರಿನ ಸುದ್ದಿಯನ್ನು ಅವಳು ವಿಚಾರಿಸಲಿಲ್ಲ. ಹೀಗೆ ಒಂದು ವರ್ಷದ ಪರೀಕ್ಷೆಯ ದಿನ ಸಾಲುಕೋಣೆಗಳ ಮುಂದೆ ನಿಂತಿದ್ದಾಗ ಗಂಟೆ ಹೊಡೆಯಿತು. ತನ್ನ ಪಾಲಿಗೆ ಬಂದ ಬಾಗಿಲನ್ನು ತಳ್ಳಿ ಒಳಗೆ ಹೋದಳು.

ಅದೇ ಮೇಜು, ಎರಡು ಕುರ್ಚಿ, ಒಂದು ಮಂಚ. ಮೂಲೆಯಲ್ಲಿ ಅಂಕ ಹಾಕುವ ಪರೀಕ್ಷಕರು. ರೋಗಿಯ ಕುರ್ಚಿಯಲ್ಲಿ ನಡುವಯಸ್ಸಿನ ಒಬ್ಬ ಗಂಡಸು. ಅವನು ಹೆಬ್ಬೆರಳ ಉಗುರನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದ. ಉಗುರು ಸ್ವಚ್ಛವಾಗಿತ್ತು, ಬಣ್ಣದ ಚೂರೂ ಇರಲಿಲ್ಲ.

ಅವಳ ಕಾಲು ಹಿಂದಕ್ಕೆ ಹೋಯಿತು. ಬಾಗಿಲ ಹಿಡಿಕೆಯನ್ನು ಹಿಡಿದುಕೊಂಡು ಮತ್ತೆ ಮುಂದೆ ಬಂದು ಕುಳಿತಳು.

"ಹೇಳಿ, ಏನು ತೊಂದರೆ?"

"ಏನಿಲ್ಲ ಡಾಕ್ಟ್ರೇ. ಎದೆ ಕೆಳಗೆ ಸ್ವಲ್ಪ ಉರಿ. ಬೇಗ ಕಳಿಸಿ, ಎರಡನೇ ಕೋಟ್ ಬಾಕಿ ಇದೆ."

ಅವಳು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಉರಿ ಯಾವಾಗ ಬರುತ್ತದೆ, ಎಷ್ಟು ಹೊತ್ತಿರುತ್ತದೆ, ಮನೆಯಲ್ಲಿ ಯಾರಿದ್ದಾರೆ. "ಹೆಂಡತಿ ಇದಾಳೆ. ಒಬ್ಬಳು ಮಗಳು, ಓದ್ತಾಳೆ," ಎಂದ ಅವನು. ಆ ಮಗಳು ಏನು ಓದುತ್ತಾಳೆಂದು ಅವಳು ಕೇಳಲಿಲ್ಲ. ಪೆನ್ನನ್ನು ಕೆಳಗಿಟ್ಟಳು. ಅವನ ಮುಖವನ್ನು ನೋಡಿದಳು. ಬೀದಿಯ ಕೊನೆಯ ಆ ಡಾಕ್ಟರು ಕೇಳದೆ ಬಿಟ್ಟದ್ದನ್ನು, ಎಷ್ಟೋ ವರ್ಷ ತಡವಾಗಿ, ಕೇಳಿದಳು.

"ಇನ್ನೇನಾದ್ರೂ ಹೇಳೋದಿದೆಯಾ?"

ಮತ್ತು ಕಾದಳು.

ಅವನು ತಲೆ ತಗ್ಗಿಸಿದ. ದನಿಯನ್ನು ಒದ್ದೆ ಮಾಡಿಕೊಂಡು, ಒಂದೊಂದೇ ಮಾತನ್ನು ಭಾರವಾಗಿ ಎತ್ತಿಡುತ್ತ ಹೇಳಿದ: "ಏಣಿ ಹತ್ತುವಾಗ... ದವಡೆ ಹಿಡ್ಕೊಳ್ಳುತ್ತೆ ಡಾಕ್ಟ್ರೇ. ಹಲ್ಲಿನ ಡಾಕ್ಟ್ರ ಹತ್ರ ಹೇಳ್ಬೇಕಾದ್ದು... ನಿಮ್ಮ ಹತ್ರ ಹೇಳಿದ್ರೆ ಬೇಜಾರಾಗುತ್ತೇನೋ ಅಂತ..."

"ನನಗೆ ಬೇಜಾರಾಗಲ್ಲ," ಎಂದಳು ಅವಳು. "ನನ್ನ ಹತ್ರಾನೇ ಹೇಳ್ಬೇಕಾದ್ದು ಅದು."

ಇದು ಹೃದಯದ ನೋವಿರಬಹುದೆಂದೂ, ಏಣಿ ಹತ್ತಬಾರದೆಂದೂ, ಈಗಲೇ ಆಸ್ಪತ್ರೆಗೆ ಸೇರಬೇಕೆಂದೂ ತಿಳಿಸಿ ಹೇಳಿದಳು. ಗಂಟೆ ಹೊಡೆಯಿತು. ಪರೀಕ್ಷಕರು ತೃಪ್ತಿಯಿಂದ ತಲೆಯಾಡಿಸಿ, ಮುಂದಿನವರನ್ನು ಕರೆಯಲು ಹೊರಗೆ ಹೋದರು. ಪಾತ್ರ ಮುಗಿಸಿದ ಮನುಷ್ಯ ಬೆನ್ನು ನೆಟ್ಟಗೆ ಮಾಡಿ, ನೀರಿನ ಲೋಟ ಎತ್ತಿಕೊಂಡ.

ಅವಳು ಬಾಗಿಲ ಬಳಿ ನಿಂತಳು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಪಾತ್ರಧಾರಿಗಳೊಡನೆ ಬೇರೆ ಮಾತಾಡಬಾರದೆಂಬ ನಿಯಮವಿತ್ತು.

"ಆ ದವಡೆ ಮಾತನ್ನ," ಎಂದಳು, "ನಗ್ತಾ ಹೇಳಿ."

"ದುಃಖದಿಂದ ಹೇಳ್ಬೇಕು ಅಂತ ಬರೆದಿದಾರಲ್ಲಮ್ಮ?"

"ಬರೆದವರು ಅವರನ್ನ ನೋಡಿರಲಿಲ್ಲ," ಎಂದು ಹೇಳಿ ಹೊರಗೆ ಬಂದಳು.